ಆರನೆಯ ಜೊತೆ ಮೊರ

ಇವತ್ತು ಬೆಳಿಗ್ಗೆ ಟವೆಲ್ ಒಣಹಾಕಲು ತಾರಸಿಗೆ ಹೋದೆ. ಅಲ್ಲಿ ಗೋಡೆಗೆ ಒರಗಿಸಿ ಹೊಸ ಮೊರಗಳನ್ನು ಬಿಸಿಲಿಗೆ ಇಟ್ಟಿದ್ದರು. ತೊಳೆದು, ಅರಿಸಿನ ಬಳಿದ ಮೊರಗಳು. ನಾಡಿದ್ದು ಗೌರಿಹಬ್ಬ. ಹಸಿ ಬಿದಿರು ಮತ್ತು ಅರಿಸಿನ ಒಟ್ಟಿಗೆ ಬಿಸಿಲಿಗೆ ಕಾದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಹೊಗಳಿ ಬರೆದವರು ಬಹಳ ಜನ. ಇದನ್ನು ಹೊಗಳಿದವರನ್ನು ನಾನು ಕಂಡಿಲ್ಲ. ನಾನೂ ಹೊಗಳಲಾರೆ. ಈ ವಾಸನೆ ಮೂಗಿಗೆ ಬಿದ್ದ ಕೂಡಲೇ ಟವೆಲನ್ನು ಹೇಗೋ ತಂತಿಗೆ ಎಸೆದು ಕೆಳಗಿಳಿಯುವುದು ನನ್ನ ಅಭ್ಯಾಸ. ನಲವತ್ತು ವರ್ಷಗಳ ಮೇಲಾಯಿತು, ಹೀಗೆ ಇಳಿಯುತ್ತಲೇ ಬಂದಿದ್ದೇನೆ. ಇವತ್ತು ಮಂಡಿ ಹಿಡಿದುಕೊಂಡಿತು. ಕೂತುಬಿಟ್ಟೆ. ಕೂತಿದ್ದರಿಂದ ಈ ಮಾತು.

ನಮ್ಮ ಊರು ನರಸೀಪುರದ ಕಡೆಯದು. ಸೋಸಲೆ ಬಸ್ಸಿನಿಂದ ಇಳಿದು ನಾಲೆ ಏರಿಯ ಮೇಲೆ ಅರ್ಧ ಗಂಟೆ ನಡೆದರೆ ಸಿಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಮಾಘಮಾಸದಲ್ಲಿ ಆ ಏರಿಯ ಮೇಲೆ ಒಂದು ಜೀಪು ಬಂದು, ಒಬ್ಬ ಬಿಳಿಯ ಹೆಂಗಸನ್ನೂ ಎರಡು ಪೆಟ್ಟಿಗೆಗಳನ್ನೂ ಒಂದು ತೂಕದ ಸ್ಪ್ರಿಂಗನ್ನೂ ಇಳಿಸಿ ಹೋಯಿತು. ಆಕೆಯ ಹೆಸರು ಹೆಲೆನ್. ವಯಸ್ಸು ಮೂವತ್ತರ ಒಳಗೆ. ಸ್ಕಾಟ್ಲೆಂಡಿನ ಕಡಲ ತೀರದವಳು. ಹೊರದೇಶದ ಒಂದು ಸಂಸ್ಥೆಯ ಪರವಾಗಿ, ಸಂಬಳವಿಲ್ಲದೆ ಒಂದು ವರ್ಷ ಹಳ್ಳಿಯಲ್ಲಿದ್ದು, ಎಳೆ ಮಕ್ಕಳ ತೂಕ ನೋಡುವುದು, ಭೇದಿಯಾದರೆ ಉಪ್ಪು ಸಕ್ಕರೆ ನೀರು ಕುಡಿಸುವುದನ್ನು ತಾಯಂದಿರಿಗೆ ಹೇಳಿಕೊಡುವುದು ಅವಳ ಕೆಲಸ. ನಮ್ಮ ಕಡೆ ಹಳ್ಳಿಯ ಬಾಯಿಗೆ ಹಕಾರ ಸಿಕ್ಕುವುದಿಲ್ಲ; ಸಂಜೆಯ ಹೊತ್ತಿಗೆ ಆಕೆ ಎಲೆನಮ್ಮ ಆಗಿದ್ದಳು.

ಅವಳು ನಮ್ಮ ಮನೆಯಲ್ಲಿ ಇಳಿದುಕೊಂಡದ್ದು ನಮ್ಮ ದೊಡ್ಡತನ ಕಂಡು ಅಲ್ಲ. ಊರಿನಲ್ಲಿ ಕಕ್ಕಸು ಇದ್ದ ಮನೆ ನಮ್ಮದೊಂದೇ. ಅಪ್ಪ ಜಗಲಿ ಪಕ್ಕದ ಕೋಣೆ ಬಿಟ್ಟುಕೊಟ್ಟರು. ನಾನು ಆಗ ನರಸೀಪುರದ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಮದುವೆಯಾಗಿರಲಿಲ್ಲ. ನನ್ನ ಇಂಗ್ಲಿಷು ಪುಸ್ತಕದಿಂದ ಹೊರಗೆ ಕಾಲಿಟ್ಟದ್ದೇ ಅವಳ ಜೊತೆ. ಸಂಜೆ ಮತ್ತು ಭಾನುವಾರ ಅವಳು ಹೇಳಿದ್ದನ್ನು ಊರಿಗೆ, ಊರು ಹೇಳಿದ್ದನ್ನು ಅವಳಿಗೆ ದಾಟಿಸುವುದು ನನ್ನ ಪಾಲಿಗೆ ಬಂತು. ‘ಎಲೆನಮ್ಮನ ಬಾಯಿ ಎಲ್ಲೋಯ್ತು?’ ಎಂದು ಹೆಂಗಸರು ನನ್ನನ್ನು ಕೇಳಿಕೊಂಡು ಬರುತ್ತಿದ್ದರು.

ಹೊಂಗೆ ಮರದ ಕೊಂಬೆಗೆ ಸ್ಪ್ರಿಂಗ್ ತಗುಲಿಸಿ, ಅದಕ್ಕೆ ಬಟ್ಟೆಯ ಜೋಲಿ ಕಟ್ಟಿ, ಮಕ್ಕಳನ್ನು ತೂಗುತ್ತಿದ್ದಳು. ‘ರಸಬಾಳೆ ಗೊನೆ ತೂಗ್ದಂಗೆ ತೂಗ್ತಾಳಲ್ಲವ್ವ’ ಎಂದು ನಕ್ಕು, ಮಗುವಿಗೆ ದೃಷ್ಟಿಯಾಗದಿರಲೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ತರುತ್ತಿದ್ದರು. ಕೆಲಸದ ವಿಷಯ ಅಷ್ಟೇ. ಆದರೆ ಅವಳಿಗೆ ನಿಜವಾದ ಹಸಿವು ಇದ್ದದ್ದು ಹಬ್ಬಗಳ ಮೇಲೆ. ನಾಮಕರಣ, ಸೋಬಾನೆ, ಕಣದ ಪೂಜೆ, ಯಾವುದಕ್ಕೆ ಕರೆದರೂ ಹೋಗುವಳು. ಯುಗಾದಿಯ ದಿನ ಬೇವು ಬೆಲ್ಲದ ಬಟ್ಟಲನ್ನು ಅವ್ವ ಅವಳ ಮುಂದೆ ಹಿಡಿದಾಗ, ಇದು ಎಲ್ಲರಿಗೂ ಹಂಚುವುದು ಎಂದು ಹೇಳಲು ನಾನು ಮರೆತೆ. ಬಟ್ಟಲನ್ನು ಪೂರ್ತಿ ಮುಗಿಸಿದಳು. ಬೇವೇ ಹೆಚ್ಚಿದ್ದ ಬಟ್ಟಲು. ‘ವರ್ಷದ ಕಷ್ಟನೆಲ್ಲ ಒಬ್ಳೇ ತಿಂದ್ಬುಟ್ಳು, ನಮ್ಗೇನು ಬಿಡ್ನಿಲ್ಲ’ ಎಂದು ಅವ್ವ ಮಗ್ಗುಲು ಹಿಡಿದು ನಕ್ಕರು.

ಅವಳ ಕೈಯಲ್ಲಿ ಯಾವಾಗಲೂ ಒಂದು ನೀಲಿ ರಟ್ಟಿನ ಪುಸ್ತಕ. ಎಲ್ಲದಕ್ಕೂ ಯಾಕೆ ಎಂದು ಕೇಳುವಳು. ನನಗೆ ಗೊತ್ತಿಲ್ಲ ಎನ್ನಲು ನಾಚಿಕೆ. ವಿಜ್ಞಾನದ ಮೇಲೆ ಭಕ್ತಿ ಹುಟ್ಟಿದ್ದ ವಯಸ್ಸು ಬೇರೆ. ಹೊಸಿಲಿಗೆ ಅರಿಸಿನ ಯಾಕೆ? ಕ್ರಿಮಿ ಸಾಯುತ್ತದೆ. ಅಂಗಳಕ್ಕೆ ಸಗಣಿ? ಕ್ರಿಮಿ. ಬಾಗಿಲಿಗೆ ಮಾವಿನ ಎಲೆ? ಅದಕ್ಕೂ ಕ್ರಿಮಿ. ಅವಳು ಎಲ್ಲವನ್ನೂ ಬರೆದುಕೊಳ್ಳುವಳು. ಆ ಪುಸ್ತಕವನ್ನು ಅವಳ ಊರಿನಲ್ಲಿ ಯಾರಾದರೂ ಓದಿದ್ದರೆ, ಕಾವೇರಿ ತೀರದಲ್ಲಿ ದೇವರಿಗಿಂತ ಕ್ರಿಮಿಗಳಿಗೇ ಹೆಚ್ಚು ಹೆದರುತ್ತಾರೆ ಎಂದುಕೊಂಡಿರಬೇಕು.

ಇನ್ನು ನಮ್ಮ ಅಕ್ಕನ ವಿಷಯ. ಅವಳ ಹೆಸರು ಗಿರಿಜೆ, ಗೌರಿಯದೇ ಹೆಸರು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕಳಲೆಗೆ ಕೊಟ್ಟಿದ್ದರು. ಮೂರು ವರ್ಷ ತುಂಬುವ ಮೊದಲೇ ಭಾವ ಜ್ವರದಲ್ಲಿ ತೀರಿಕೊಂಡರು, ಮಕ್ಕಳಿರಲಿಲ್ಲ. ಇಪ್ಪತ್ತೆರಡಕ್ಕೆ ಅಕ್ಕ ಹಿಂದಿರುಗಿ ಬಂದಳು. ನಾವು ಲಿಂಗ ಕಟ್ಟಿದವರು. ‘ಲಿಂಗ ಕಟ್ಟಿದೋರ್ಗೆ ಯಾವ ಸೂತಕನೂ ಇಲ್ಲ’ ಎಂದು ಅಪ್ಪ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ಮಾತು ಜಗಲಿಯಲ್ಲೇ ಉಳಿಯುತ್ತಿತ್ತು, ಒಳಗೆ ಹೆಂಗಸರ ಹಬ್ಬಕ್ಕೆ ಬೇರೆ ಲೆಕ್ಕ. ಗೌರಿಹಬ್ಬದ ಹಿಂದಿನ ದಿನದವರೆಗೆ ಎಲ್ಲ ಕೆಲಸವೂ ಅಕ್ಕನದೇ. ಮೊರ ತೊಳೆಯುವವಳು ಅವಳು, ಅರಿಸಿನ ಕಲಸಿ ಬಳಿಯುವವಳು ಅವಳು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕರಿಮಣಿ, ಪುಟ್ಟ ಕನ್ನಡಿ, ಬಾಚಣಿಗೆ, ರವಿಕೆ ಬಟ್ಟೆ ಇಟ್ಟು, ಮೇಲೊಂದು ಮೊರ ಮುಚ್ಚಿದರೆ ಒಂದು ಬಾಗಿನ. ಒಂದಕ್ಕೂ ಏನೂ ತಪ್ಪದ ಹಾಗೆ ಎತ್ತಿಡುವವಳೂ ಅವಳೇ. ಹಬ್ಬದ ಬೆಳಿಗ್ಗೆ, ಹೊಳೆಯಿಂದ ಮರಳಿನ ಗೌರಿ ಮನೆಗೆ ಬರುವ ಹೊತ್ತಿಗೆ, ಅವಳು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಬಾ ಎಂದೂ ಹೇಳುತ್ತಿರಲಿಲ್ಲ.

ಆ ಸಲದ ಗೌರಿಹಬ್ಬಕ್ಕೆ ಹೆಲೆನ್‌ಗೆ ಸೀರೆ ಉಡಿಸಿದವಳು ಅಕ್ಕ. ಹಸಿರು ಸೀರೆ, ಅವ್ವನದು. ನೆರಿಗೆ ಹಿಡಿದು ಸಿಕ್ಕಿಸಿ, ನಾಲ್ಕು ಪಿನ್ನು ಹಾಕಿ, ಬೆನ್ನು ತಟ್ಟಿ ಪಡಸಾಲೆಗೆ ಕಳಿಸಿ, ತಾನು ಒಲೆಯ ಮುಂದೆ ಹೋಗಿ ಕೂತಳು.

ಪಡಸಾಲೆಯಲ್ಲಿ ಏಳೆಂಟು ಜನ ಹೆಂಗಸರು. ಗಂಡಸು ನಾನೊಬ್ಬನೇ, ನನ್ನನ್ನು ಗಂಡಸೆಂದು ಯಾರೂ ಎಣಿಸಿರಲಿಲ್ಲ, ನಾನು ಬರೀ ಬಾಯಿ. ಕಂಬಕ್ಕೆ ಒರಗಿ ದೊಡ್ಡವ್ವ ಕೂತಿದ್ದರು. ಅಪ್ಪನ ಅಣ್ಣನ ಹೆಂಡತಿ. ನಮ್ಮ ಬೀದಿಯ ಹಬ್ಬಗಳಿಗೆಲ್ಲ ಅವರದೇ ಕಾನೂನು. ಅವ್ವ ಸೆರಗು ಮುಚ್ಚಿದ ಬಾಗಿನವನ್ನು ಹಿಡಿದು ಹೆಲೆನ್ ಮುಂದೆ ನಿಂತರು. ದೊಡ್ಡವ್ವ ಕೈ ಅಡ್ಡ ಹಿಡಿದರು.

‘ತಾಳವ್ವ ವಸಿ. ಇವ್ಳ್ಗೆ ಮದ್ವೆ ಆಗ್ಯದೋ ಇಲ್ವೋ? ಕನ್ನೆಗೆ ಬಾಗ್ನ ಯಾಕೆ, ಅರಿಸ್ನ ಕುಂಕ್ಮ ಸಾಕು. ಕೇಳ್ಲಾ ಮೇಷ್ಟ್ರೆ.’

ಆರು ತಿಂಗಳು ನಮ್ಮ ಮನೆಯಲ್ಲಿ ಉಂಡವಳನ್ನು ನಾವು ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದೆ. ಹೆಲೆನ್ ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳಿದಳು. ಮದುವೆಯಾಗಿತ್ತು. ಗಂಡ ಮೀನು ಹಿಡಿಯುವ ದೋಣಿಯಲ್ಲಿ ಕೆಲಸ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಬಿರುಗಾಳಿಯಲ್ಲಿ ದೋಣಿ ಹಿಂದಕ್ಕೆ ಬರಲಿಲ್ಲ.

ಇಲ್ಲಿ ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳಬೇಕು. ಅವ್ವನ ಕೈಯಲ್ಲಿ ಮೊರ ಇತ್ತು. ಹೆಲೆನ್ ಸೆರಗನ್ನು ಎರಡೂ ಕೈಯಲ್ಲಿ ಚಾಚಿದ್ದಳು. ಹಾಗೆ ಚಾಚಬೇಕೆಂದು ಅಕ್ಕ ಹೇಳಿಕೊಟ್ಟಿದ್ದಳು. ಹೆಂಗಸರು ಅವಳ ಮುಖ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

‘ಮದ್ವೆ ಆಗ್ಯದಂತೆ ದೊಡ್ಡವ್ವ. ಯಜಮಾನ್ರು ಊರಲ್ಲವ್ರಂತೆ’ ಎಂದೆ.

‘ಅಂಗಾರೆ ಮುತ್ತೈದೆ. ಕೊಡವ್ವ, ಕೊಡು.’

ಬಾಗಿನ ಸೆರಗಿಗೆ ಬಂತು. ದೊಡ್ಡವ್ವ ತಾವೇ ಎದ್ದು ಹೆಲೆನ್ ಹಣೆಗೆ ಕುಂಕುಮವಿಟ್ಟರು, ಬೈತಲೆಗೂ ಇಟ್ಟರು. ಜಡೆಯಿಲ್ಲದ ಆ ತಲೆಗೆ ಹೂ ನಿಲ್ಲಿಸಲು ಇಬ್ಬರು ಹೆಂಗಸರು ಹೆಣಗಿದರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು ದೊಡ್ಡವ್ವ ಹರಸಿದರು: ‘ನಿನ್ ಗಂಡ ನೂರ್ ವರ್ಸ ಬಾಳ್ಲಿ ಕಣವ್ವ.’ ನನ್ನ ಕಡೆ ತಿರುಗಿ, ‘ಇದ್ನ ಅವ್ಳ ಮಾತಲ್ಲಿ ಯೋಳ್ಲಾ. ಸರ್ಯಾಗ್ ಯೋಳು’ ಎಂದರು.

ನೀನು ನೂರು ವರ್ಷ ಬಾಳು ಎನ್ನುತ್ತಿದ್ದಾರೆ ಎಂದು ಹೇಳಿದೆ. ಆದರೆ ಗಂಡ ಎಂಬ ಪದ ಹೆಲೆನ್‌ಗೆ ಅಷ್ಟರಲ್ಲಿ ಗೊತ್ತಿತ್ತು. ಮಕ್ಕಳ ತೂಕ ಬರೆದುಕೊಳ್ಳುವಾಗ ದಿನವೂ ಕೇಳುವ ಪದ. ನನ್ನನ್ನು ಒಮ್ಮೆ ನೋಡಿದಳು. ಕಣ್ಣು ತುಂಬಿತು. ‘ಪಾಪ, ಗಂಡನ್ ಗ್ಯಾನ ಬಂತು’ ಎಂದು ಪಕ್ಕದ ಮನೆಯಾಕೆ ತನ್ನ ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಅಷ್ಟು ಮಾತು ಮಾತ್ರ ಆ ದಿನ ಪಡಸಾಲೆಯಲ್ಲಿ ನಿಜ. ಅಡಿಗೆಮನೆಯ ಬಾಗಿಲಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದು ಅಕ್ಕ ನಿಂತಿದ್ದಳು. ತಟ್ಟೆಯನ್ನು ಹೊಸಿಲಿನ ಮೇಲೆ ಇಟ್ಟು ಒಳಗೆ ಹೋದಳು.

ಹೆಂಗಸರು ಹೋದ ಮೇಲೆ ಹೆಲೆನ್ ನನ್ನನ್ನು ಜಗಲಿಯಲ್ಲಿ ಕೂರಿಸಿ ಕೇಳಿದಳು. ನಾನು ಹೇಳಿದೆ. ಗಂಡ ಸತ್ತವರಿಗೆ ಬಾಗಿನ ಕೊಡುವುದಿಲ್ಲ, ಎಲ್ಲರ ಮುಂದೆ ನಿನಗೆ ನೋವಾಗುವುದು ಬೇಡ ಎಂದು ಹಾಗೆ ಅಂದೆ. ಅವಳು ಸಿಟ್ಟಾಗಲಿಲ್ಲ. ಗಿರಿಜಾ ಎಲ್ಲಿದ್ದಳು ಎಂದಳು. ಅಡಿಗೆಮನೆಯಲ್ಲಿ. ಪ್ರತಿ ವರ್ಷವೂ? ಹೌದು. ಯಾಕೆ?

ಅರಿಸಿನಕ್ಕೆ, ಸಗಣಿಗೆ, ಮಾವಿನ ಎಲೆಗೆ ಒದಗಿ ಬಂದ ಕ್ರಿಮಿಗಳಲ್ಲಿ ಒಂದೂ ಆ ಹೊತ್ತಿಗೆ ಸಿಗಲಿಲ್ಲ. ಅವಳೂ ಪುಸ್ತಕ ತೆರೆದಿರಲಿಲ್ಲ.

ಬಾಗಿನ ಎತ್ತಿಕೊಂಡು ನೇರವಾಗಿ ಹಿತ್ತಿಲಿಗೆ ಹೋದಳು. ನಾನು ಹಿಂದೆ ಹೋಗಿ ಬಾಗಿಲಲ್ಲೇ ನಿಂತೆ. ಅಕ್ಕ ಒಬ್ಬಟ್ಟಿನ ಹೆಂಚು ಉಜ್ಜುತ್ತಿದ್ದಳು. ಹೆಲೆನ್ ಮೊರವನ್ನು ಅವಳ ಮುಂದೆ ಇಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅಕ್ಕ ಕೈ ತೊಳೆದು, ಒರೆಸಿಕೊಂಡು, ಮೇಲಿನ ಮೊರ ಎತ್ತಿದಳು. ತಾನೇ ಹಿಂದಿನ ದಿನ ಇಟ್ಟ ಬಳೆ, ತಾನೇ ಇಟ್ಟ ಕರಿಮಣಿ, ಕನ್ನಡಿ. ಒಂದೊಂದನ್ನೂ ಮುಟ್ಟಿ ನೋಡಿದಳು. ಮತ್ತೆ ಮುಚ್ಚಿ ಹೆಲೆನ್ ಕಡೆಗೆ ತಳ್ಳಿದಳು.

‘ಈಸ್ಕೊಂಡ್ ಬಾಗ್ನನ ಇನ್ನೊಬ್ರಿಗೆ ದಾಟ್ಸ್‌ಬಾರ್ದು. ಮಡಿಕ್ಕೊ ಅಂತ ಯೋಳು ಅವ್ಳ್ಗೆ’ ಎಂದು ನನಗೆ ಹೇಳಿದಳು. ಅದನ್ನು ಹೇಳಿದ ಹಾಗೆಯೇ ದಾಟಿಸಿದೆ. ಹೆಲೆನ್ ಬಾಗಿನ ತೆಗೆದುಕೊಂಡು ಒಳಗೆ ಹೋದಳು.

ಅಕ್ಕ ಮತ್ತೆ ಹೆಂಚು ಉಜ್ಜತೊಡಗಿದಳು. ನನ್ನ ಕಡೆ ನೋಡದೆ ಮಾತಾಡಿದಳು.

‘ಅವ್ಳ್ ಗಂಡ ನೀರಲ್ಲೋದ್ದು ನಂಗೆ ಬ್ಯಾಸ್ಗೇಲೇ ಗೊತ್ತು. ಉಣ್ಸೆಣ್ಣಿನ್ ಬೀಜ ಬುಡುಸ್ತಾ ಕೂತಿದ್ವಿ, ಪೋಟ ತಂದು ತೋರುಸ್ದ್ಲು. ದೋಣಿ ಅಂಗೆ ಕೈ ಮಾಡಿ ಮಗುಚಾಕುದ್ಲು. ನಾನು ನನ್ನ ಬರಿ ಕೈ ತೋರುಸ್ದೆ. ಆಮ್ಯಾಲೆ ಇಬ್ರೂ ಉಣ್ಸೆಣ್ಣು ಬುಡುಸುದ್ವಿ.’

ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು.

‘ಒಳ್ಳೆ ಸುಳ್ ಯೋಳ್ದೆ ಬುಡು. ದೊಡ್ಡವ್ವನ್ ಮುಂದೆ ಇನ್ಯಾರ್ಗೂ ಬತ್ತಿರ್ನಿಲ್ಲ.’ ಹೆಂಚನ್ನು ಮಗುಚಿ ಹಾಕಿದಳು. ‘ನಂಗೂ ಒಂದ್ ಯೋಳ್ಬೋದಾಗಿತ್ತಲ್ಲೋ.’

‘ಊರ್ಗೆಲ್ಲ ಗೊತ್ತಲ್ಲಕ್ಕ’ ಎಂದೆ. ನನಗೆ ಹೊಳೆದ ಮಾತು ಅಷ್ಟೇ.

‘ಗೊತ್ತು. ಸುಮ್ಕೆ ಅಂದೆ’ ಎಂದು ಹೆಂಚಿಗೆ ನೀರು ಸುರಿದಳು.

ಆಮೇಲೆ ದಸರೆ ಬಂತು, ದೀಪಾವಳಿ ಬಂತು. ಹೆಲೆನ್ ಪಡಸಾಲೆಗೆ ಬರುವುದನ್ನು ಬಿಟ್ಟಳು. ಹಬ್ಬದ ದಿನ ಅಕ್ಕನ ಜೊತೆ ಒಲೆಯ ಮುಂದೆ ಕೂತುಬಿಡುವಳು. ‘ಎಲೆನಮ್ಮ ಯಾಕ್ ಬರಾಕಿಲ್ಲ?’ ಎಂದು ಹೆಂಗಸರು ಕೇಳಿದರೆ ನಾನು ತಲೆನೋವಂತೆ ಎನ್ನುತ್ತಿದ್ದೆ. ಹಬ್ಬಹಬ್ಬಕ್ಕೆ ಬರುವ ಆ ತಲೆನೋವಿಗೆ ಊರು ಶುಂಠಿ ಗಂಧ, ಲವಂಗದ ಎಣ್ಣೆ, ಒಂದು ತಾಯಿತ ಕೊಟ್ಟಿತು. ಸಂಕ್ರಾಂತಿಯ ಹೊತ್ತಿಗೆ ದೊಡ್ಡವ್ವ, ‘ಗಂಡನ್ತಾಕೆ ಕಳ್ಸಿ, ತಲೆನೋವು ತಾನಾಗೋಯ್ತದೆ’ ಎಂದು ತೀರ್ಪು ಕೊಟ್ಟರು. ಒಳಗೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಹಬ್ಬದ ದಿನ ನಕ್ಕದ್ದನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ.

ಆ ತಿಂಗಳೇ ಹೆಲೆನ್ ಹೊರಟಳು. ಜೀಪಿಗೆ ಪೆಟ್ಟಿಗೆ ಏರಿಸುವ ಮುಂಚೆ ಬಾಗಿನದ ಎರಡು ಮೊರಗಳಲ್ಲಿ ಒಂದನ್ನು ಅಕ್ಕನಿಗೆ ಚಾಚಿದಳು. ಖಾಲಿ ಮೊರ. ಅಕ್ಕ ಮೊರದ ಹಿಂದೆ ಮುಂದೆ ನೋಡಿ, ‘ಬರೀ ಮೊರಕ್ಕೆ ಏನು, ತಕ್ಕತೀನಿ’ ಎಂದು ಈಸಿಕೊಂಡಳು. ಇನ್ನೊಂದು ಮೊರ ಹೆಲೆನ್ ಪೆಟ್ಟಿಗೆಯಲ್ಲಿ ಹೋಯಿತು. ಅಕ್ಕ ಅದೇ ಮೊರದಲ್ಲಿ ಎಷ್ಟೋ ವರ್ಷ ರಾಗಿ ಕೇರಿದಳು, ಅಕ್ಕಿ ಕೇರಿದಳು. ಅರಿಸಿನ ಮಾಸಿ ಹೋಯಿತು. ಸಂದು ಬಿಟ್ಟಾಗ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಬಳಿದು ಒಣಗಿಸುವಳು. ಮನೆಯಲ್ಲಿ ಬೇರೆ ಮೊರಗಳಿದ್ದವು; ಇದನ್ನು ಮಾತ್ರ ಯಾರಿಗೂ ಎರವಲು ಕೊಡುತ್ತಿರಲಿಲ್ಲ.

ಮಾರನೆಯ ವರ್ಷದ ಗೌರಿಹಬ್ಬಕ್ಕೆ ನಾನು ಮಾತು ಸಿದ್ಧ ಮಾಡಿಕೊಂಡಿದ್ದೆ. ಅಕ್ಕನಿಗೂ ಕೊಡವ್ವ. ಎರಡೇ ಪದ. ಶಾಲೆಗೆ ಹೋಗುವಾಗ ಏರಿಯ ಮೇಲೆ ಹೇಳಿ ಹೇಳಿ ನೋಡಿಕೊಂಡಿದ್ದೆ. ಹಬ್ಬದ ದಿನ ಪಡಸಾಲೆಗೆ ಕಾಲಿಟ್ಟೆ. ‘ನೀನ್ಯಾಕ್ಲಾ ಇಲ್ಲಿ? ಎಲೆನಮ್ಮ ಓದ್ಮ್ಯಾಲೂ ಬಾಯ್ಗೇನ್ ಕೆಲ್ಸ?’ ಎಂದರು ದೊಡ್ಡವ್ವ. ಎಲ್ಲರೂ ನಕ್ಕರು. ನಾನೂ ನಕ್ಕು ಹೊರಗೆ ಬಂದೆ. ಇನ್ನೊಬ್ಬರ ಮಾತನ್ನು ದಾಟಿಸುವಾಗ ಇದ್ದ ಧೈರ್ಯ ನನ್ನದೇ ಮಾತು ಬಂದಾಗ ಇರಲಿಲ್ಲ. ಅಂದಿನಿಂದ ಆ ವಾಸನೆ ಬಂದರೆ ಕೆಳಗಿಳಿಯುವುದು ಅಭ್ಯಾಸವಾಯಿತು.

ಎಂಬತ್ತರ ದಶಕದಲ್ಲಿ ನನಗೆ ನಂಜನಗೂಡಿಗೆ ವರ್ಗವಾಯಿತು. ಮದುವೆಯಾಯಿತು, ಇಲ್ಲೇ ಮನೆಯಾಯಿತು. ಅಪ್ಪ ಅವ್ವ ಹೋದ ಮೇಲೆ ಅಕ್ಕ ನಮ್ಮ ಜೊತೆ ಬಂದಳು. ಒಮ್ಮೆ ಅವಳ ಹೆಸರಿಗೆ, ಊರಿನ ವಿಳಾಸದಿಂದ ತಿರುಗಿ, ಹೆಲೆನ್ ಬರೆದ ಒಂದು ಕಾಗದ ಬಂತು. ಓದಿ ಹೇಳಿದೆ. ಮೊರ ಅಡಿಗೆಮನೆಯ ಗೋಡೆಗೆ ತೂಗುಹಾಕಿದ್ದೇನೆ, ಇಲ್ಲಿ ಕೇರಲು ಏನೂ ಇಲ್ಲ, ಈರುಳ್ಳಿ ಇಡುತ್ತೇನೆ. ಮತ್ತೆ ಮದುವೆಯಾಗಿದ್ದೇನೆ.

ಅಕ್ಕ, ‘ಅಂಗಾರೆ ಅವ್ಳ್ ಯಜಮಾನ್ರು ಊರಲ್ಲವ್ರೆ’ ಎಂದಳು. ‘ನಿನ್ ಸುಳ್ಳು ನಿಜ ಆಯ್ತಲ್ಲೋ.’ ಸಂತೋಷದಿಂದಲೇ ಹೇಳಿದಳು.

ನನ್ನ ಹೆಂಡತಿ ಒಳ್ಳೆಯವಳು. ಗೌರಿಹಬ್ಬದ ದಿನ ಬಂದವರಿಗೆಲ್ಲ ಬಾಗಿನ ಕೊಟ್ಟು ಮುಗಿದ ಮೇಲೆ, ತಟ್ಟೆಯಲ್ಲಿ ಎಲೆ ಅಡಿಕೆ ಹಣ್ಣು ಇಟ್ಟು ಅಕ್ಕನ ಕೋಣೆಗೆ ಕೊಟ್ಟುಬರುತ್ತಿದ್ದಳು. ನಾನು ಆ ಹೊತ್ತಿಗೆ ಪೇಪರ್ ಓದುತ್ತಿದ್ದೆ. ಒಂದು ಪೇಪರನ್ನು ಅಷ್ಟು ಹೊತ್ತು ಓದಬಹುದು ಎಂದು ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಹೆಂಡತಿ ತೀರಿಹೋಗಿ ಮೂರು ವರ್ಷವಾಯಿತು. ಈಗ ಹಬ್ಬ ಮಾಡುವವಳು ಸೊಸೆ.

ಇವತ್ತು ತಾರಸಿಯಲ್ಲಿ ಮಂಡಿ ಹಿಡಿದುಕೊಂಡು ಕೂತಿದ್ದಾಗ ಸೊಸೆ ಮೇಲೆ ಬಂದಳು. ಹಿಂದೆಯೇ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಅಕ್ಕ. ಎಪ್ಪತ್ತಾರು ವರ್ಷ. ಮೊರ ಬಿಸಿಲಿಗೆ ತಿರುಗಿಸುವುದನ್ನು ಇಂದಿಗೂ ಬೇರೆಯವರಿಗೆ ಬಿಡುವುದಿಲ್ಲ. ಸೊಸೆ ಎಣಿಸಿದಳು. ಅಂಗಡಿಯವನು ಆರು ಜೊತೆ ಕಳಿಸಿದ್ದ.

‘ಒಂದು ಜೊತೆ ಜಾಸ್ತಿ ಬಂದಿದೆ ಮಾವ. ನಮಗೆ ಐದೇ ಬೇಕಾಗಿದ್ದದ್ದು. ವಾಪಸ್ ಕೊಟ್ಟುಬಿಡ್ಲಾ?’

‘ಇರಲಿ’ ಎಂದೆ. ‘ಅದನ್ನ ನಿಮ್ಮ ದೊಡ್ಡತ್ತೆಗೆ ಕೊಡು. ಪಡಸಾಲೆಯಲ್ಲಿ, ಎಲ್ಲರ ಜೊತೆ ಕೂರಿಸಿ ಕೊಡು.’

ಸೊಸೆ ಅಕ್ಕನ ಕಡೆ ನೋಡಿ, ನನ್ನ ಕಡೆ ನೋಡಿದಳು. ‘ಕೊಡಬಹುದಾ ಮಾವ? ಬಂದವರು ಕೇಳಿದ್ರೆ?’

‘ಕೇಳಲಿ. ಅವಳ ಗಂಡ ಸತ್ತು ಐವತ್ತು ವರ್ಷ ದಾಟಿತು, ಅವಳು ನನ್ನ ಅಕ್ಕ, ಅವಳಿಗೆ ಬಾಗಿನ ಕೊಡುತ್ತಿದ್ದೀವಿ ಅಂತ ಹೇಳು. ನೀನು ಹೇಳಬೇಡ, ನಾನೇ ಅಲ್ಲಿರ್ತೀನಿ.’

ಅಕ್ಕ ಮೊರ ತಿರುಗಿಸುತ್ತಲೇ ಇದ್ದಳು. ಕೇಳಿಸಿತೋ ಇಲ್ಲವೋ ಎಂದುಕೊಂಡೆ.

‘ಈಗ್ ಕೊಟ್ರೆ ಕೇರಕ್ಕೆ ಏನದೆ?’ ಎಂದಳು. ‘ಅಕ್ಕಿ ಎಲ್ಲ ಪಾಕೀಟ್ನಲ್ಲೇ ಕಿಲೀನಾಗ್ ಬತ್ತದೆ.’

ಸೊಸೆ ನಕ್ಕಳು. ನಾನು ನಗಲಿಲ್ಲ, ನಕ್ಕು ಹೊರಗೆ ಬರುವುದು ಹೇಗೆ ಎಂದು ನನಗೆ ಚೆನ್ನಾಗಿ ಗೊತ್ತು. ಅಕ್ಕ ಆರು ಜೊತೆಗಳ ಮುಂದೆ ಕೂತು, ಒಂದೊಂದೇ ಮೊರವನ್ನು ಆಕಾಶಕ್ಕೆ ಹಿಡಿದು, ಎಲ್ಲಿ ಸಂದು ಇದೆ, ಎಲ್ಲಿ ಬೆಳಕು ತೂರುತ್ತದೆ ಎಂದು ನೋಡತೊಡಗಿದಳು. ಹನ್ನೆರಡನ್ನೂ ನೋಡಿದಳು. ಆಮೇಲೆ ಒಂದು ಜೊತೆಯನ್ನು ಎತ್ತಿ, ಉಳಿದವುಗಳಿಂದ ಬೇರೆ ಮಾಡಿ, ತನ್ನ ಪಕ್ಕಕ್ಕೆ ಇಟ್ಟುಕೊಂಡಳು.

‘ಇದು ಗಟ್ಟಿಯಾಗ್ ಅದೆ’ ಎಂದಳು.